ಕೆಂಪು ಚೀಟಿ

ಕೆರಗೋಡಿನ ಅಂಗನವಾಡಿ ಜಗಲಿಯಲ್ಲಿ ಐದು ದಿನ ಕೂತು
ಇನ್ನೂರ ಹನ್ನೆರಡು ತೋಳಿಗೆ ಪಟ್ಟಿ ಸುತ್ತಿದೆ, ಗಾಳಿ ತುಂಬಿದೆ, ಬಿಟ್ಟೆ.
ನೂರ ಅರವತ್ತು ದಾಟಿದವರಿಗೆ ಕೆಂಪು ಚೀಟಿ.
ದಾಟದವರಿಗೆ ಒಂದು ಬಾಳೆಹಣ್ಣು, ನಮಸ್ಕಾರ.

ಚೀಟಿ ಸಿಕ್ಕಿದ್ದು ನಲವತ್ತೊಂದು ಮಂದಿಗೆ.
ದ್ಯಾವಮ್ಮ ಅಂದು ನಲ್ಲಿಯ ಮುಂದೆ ನಾದಿನಿಯ ಜೊತೆ
ಕೊಡ ಎಸೆದಾಡಿ ನೇರ ಬಂದಿದ್ದಳು.
ಸಕ್ಕರೆ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ
ನಿದ್ದೆಗಣ್ಣಲ್ಲೇ ಕುಂತವನು ಬೋರಲಿಂಗ.
ಕರಿಯಪ್ಪ ಮೇಷ್ಟ್ರಿಗೆ ಬಿಳಿ ಕೋಟು ಕಂಡರೇ ಎದೆ ಡವಡವ.
ಒಬ್ಬೊಬ್ಬರ ರಕ್ತದಲ್ಲೂ ಆ ದಿನದ್ದು ಒಂದು ಹಿಡಿ ಹೆಚ್ಚಿಗೆ ಕೂತಿತ್ತು.
ಮನುಷ್ಯ ಬೇರೆ, ದಿನ ಬೇರೆ ಅಂತ ಯಂತ್ರಕ್ಕೆ ಗೊತ್ತಿಲ್ಲ;
ಎರಡನ್ನೂ ಕೂಡಿಸಿ ಒಂದೇ ಅಂಕಿ ಹೇಳುತ್ತದೆ.

ಎಂಟು ದಿನ ಬಿಟ್ಟು ನಲವತ್ತೊಂದೂ ಮಂದಿ ಮತ್ತೆ ಬಂದರು.
ಮಾತ್ರೆ ಇನ್ನೂ ಮಂಡ್ಯದ ಆಸ್ಪತ್ರೆಯ ಬೀರುವಿನಲ್ಲಿ, ಸೀಲು ಒಡೆದಿರಲಿಲ್ಲ.
ಹದಿನೆಂಟು ಮಂದಿ ಗೆರೆಯಿಂದ ಕೆಳಗಿಳಿದಿದ್ದರು.
"ನಿನ್ ಕೈಗುಣ ಕಣವ್ವ" ಅಂದಳು ದ್ಯಾವಮ್ಮ,
ನನ್ನ ಮಡಿಲಿಗೆ ಒಂದು ಬೊಗಸೆ ಅವರೆಕಾಯಿ ಸುರಿದು.
ಬೋರಲಿಂಗ ಬೆಳ್ಳುಳ್ಳಿ ಅಂದ.
ಮೇಷ್ಟ್ರು ಪ್ರಾಣಾಯಾಮ ಅಂದರು.
ನಾನು ಅವರೆಕಾಯಿ ಬೇಡ ಅನ್ನಲಿಲ್ಲ.

ಉಳಿದ ಇಪ್ಪತ್ತಮೂರು ಮಂದಿಗೆ ಮೂರನೆಯ ಸಲ ಸುತ್ತಿದೆ.
ಮತ್ತೂ ಒಂದಿಷ್ಟು ಇಳಿಯಿತು, ಮೊದಲಿನಷ್ಟಲ್ಲ.
ಕೇರಿದ ಮೊರದಲ್ಲೇ ಮತ್ತೆ ಕೇರಿದ ಹಾಗೆ:
ಪ್ರತಿ ಸಲವೂ ಕಾಳಿನ ಜೊತೆ ಸ್ವಲ್ಪ ಹೊಟ್ಟು.

ಮೈಸೂರಿನಿಂದ ಲೆಕ್ಕ ನೋಡಲು ಬಂದ ಫ್ಲೋರಿನ್ ಮೇಡಂ
ನನ್ನ ವರದಿಯ ಮೊದಲ ಸಾಲಿನ ಮೇಲೇ ಗೀಟು ಎಳೆದರು.
"ಮಾತ್ರೆಯಿಂದ ಎಷ್ಟು ಇಳಿಯಿತು ಅನ್ನೋಕೆ
ಮೊದಲ ದಿನದ ಅಂಕಿಯಿಂದ ಕಳೀಬೇಡ.
ಆ ಅಂಕಿ ಅವರನ್ನ ಆರಿಸೋದಕ್ಕೇ ಖರ್ಚಾಯ್ತು.
ಮೂರನೇದೂ ಖರ್ಚಾಯ್ತು. ಆರಿಸೋದೆಲ್ಲ ಮುಗಿದ ಮೇಲೆ
ಇನ್ನೊಂದು ಸಲ ಅಳಿ, ಅಲ್ಲಿಂದ ಎಣಿಸು.
ಆಮೇಲೆ ಚೀಟಿ ಎತ್ತು. ಅರ್ಧ ಜನಕ್ಕೆ ಎಂಟು ವಾರ ಹುಸಿ ಮಾತ್ರೆ."

ಇಪ್ಪತ್ತಮೂರರಲ್ಲಿ ಒಬ್ಬ, ಆಲೆಮನೆಯ ಜವರಯ್ಯ.
ಅವನಿಗೆ ಇದನ್ನು ಹೇಳಲು ಹೋದಾಗ ಕೊಪ್ಪರಿಗೆ ಉಕ್ಕಿ ಬರುತ್ತಿತ್ತು.
ಹರಳೆಣ್ಣೆ ನಾಲ್ಕು ಹನಿ ಬಿಟ್ಟ. ನೊರೆ ಕುಸಿಯಿತು.
"ಎಣ್ಣೆಯಿಂದಲೇ ಅಂತ ಹೆಂಗೆ ಗೊತ್ತು? ಉಕ್ಕಿದ್ದು ಹೆಂಗೂ ಇಳಿಯುತ್ತಲ್ಲ.
ಎಣ್ಣೆ ಬಿಡದೆ ಒಂದು ಕೊಪ್ಪರಿಗೆ ನೋಡಿದ್ದೀಯಾ?"
"ನೋಡಿವ್ನಿ" ಅಂದ, ಸೌಟು ನಿಲ್ಲಿಸದೆ.
"ಒಂದ್ ಸಲ ಕಣ್ಣು ಹತ್ತಿ ಮಲಗ್ಬುಟ್ಟಿದ್ದೆ. ಅರ್ಧ ಬೆಲ್ಲ ಒಲೆ ಪಾಲು.
ತಿಳ್ಕಳದು ಅಂದ್ರೆ ಪುಕ್ಕಟೆನಾ ತಾಯಿ?"

ಹುಸಿ ಮಾತ್ರೆಯ ಡಬ್ಬಿಗಳಿಗೆ ನಂಬರು ಅಂಟಿಸುವಾಗ
ಅದೇ ಮಾತು ಕೈ ಹಿಡಿದು ಹಿಡಿದು ಬಿಡುತ್ತಿತ್ತು.
ಅಂಟಿಸಿದೆ.

ಆಮೇಲೆ ಯಾಕೋ ಬಾಳೆಹಣ್ಣು ತಿಂದು ಹೋದವರ ಪಟ್ಟಿ ತೆಗೆದೆ.
ನೂರ ಐವತ್ತೆಂಟು, ಹೊಂಬಾಳಮ್ಮ.
ನೆನಪಿದೆ, ಹಿಂದಿನ ರಾತ್ರಿಯೇ ಮಗಳಿಗೆ ಸುಸೂತ್ರ ಹೆರಿಗೆ;
ನಗುನಗುತ್ತಲೇ ತೋಳು ಚಾಚಿದ್ದಳು.
ಅವಳ ಅಂಕಿಯಿಂದ ಆ ದಿನ ಒಂದು ಹಿಡಿ ಎತ್ತಿಟ್ಟುಕೊಂಡಿತ್ತು.
ಮೇಲಿದ್ದವರು ಇಳಿದದ್ದನ್ನು ಕರೆಕರೆದು ನೋಡಿದೆವು.
ಕೆಳಗಿದ್ದವರು ಏರಿದರೆ ನೋಡುವವರು ಯಾರೂ ಇರಲಿಲ್ಲ.

ಬೆಳಿಗ್ಗೆ ಆರೂಕಾಲರ ಬಸ್ಸು ಹಿಡಿದೆ.
ಹೊಂಬಾಳಮ್ಮ ಕಾಲ ಮೇಲೆ ಕೂಸು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು.
"ನಾನು ಪಾಸಾಗಿದ್ನಲ್ಲವ್ವ, ಮತ್ಯಾಕೆ?"
ಅನ್ನುತ್ತಲೇ ತೋಳು ಚಾಚಿದಳು, ತೋಳಿಗೂ ಎಣ್ಣೆ.
ಪಟ್ಟಿ ಜಾರಿತು.
ಸೆರಗಿನಿಂದ ಒರೆಸಿ ಮತ್ತೆ ಸುತ್ತಿದೆ.